ಕೆಂಕೆರೆಗೆ ಹೊರಟವಳು

ಎಪ್ಪತ್ತೊಂಬತ್ತರ ಬೇಸಿಗೆ. ದಬ್ಬೇಘಟ್ಟದ ಕಡೆಯ ಒಂದು ತೆಂಗಿನ ತೋಟದಲ್ಲಿ ಪಾಳುಬಾವಿಯ ಹೂಳು ತೆಗೆಯಲು ಇಳಿದ ಆಳುಗಳು ಗುದ್ದಲಿ ಅಲ್ಲೇ ಬಿಟ್ಟು ಮೇಲೆ ಹತ್ತಿಬಂದರು. ಹೂಳಿನಲ್ಲಿ ಮನುಷ್ಯರ ಮೂಳೆಗಳಿದ್ದವು. ಸಬ್ ಇನ್ಸ್‌ಪೆಕ್ಟರ್ ಸದಾಶಿವಯ್ಯ ಮುಂದೆ ನಿಂತು ಎತ್ತಿಸಿದಾಗ, ಸತ್ತವರು ಹೆಂಗಸರು, ಒಬ್ಬಳಲ್ಲ ಇಬ್ಬರು ಎಂದು ಗೊತ್ತಾಯಿತು. ಚಿನ್ನದ ಚೂರೂ ಇರಲಿಲ್ಲ. ಬೆಳ್ಳಿಯ ಕಾಲುಂಗುರಗಳು ಮಾತ್ರ ಉಳಿದಿದ್ದವು. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಚಿಕ್ಕನಾಯಕನಹಳ್ಳಿ ದಾರಿಯ ಇನ್ನೊಂದು ಬಾವಿಯಲ್ಲಿ ಮೂರನೆಯವಳು ಸಿಕ್ಕಳು.

ಸದಾಶಿವಯ್ಯನನ್ನು ಕಾಡಿದ್ದು ಮೂಳೆಗಳಲ್ಲ. ಮದುವೆಯಾದ ಮೂವರು ಹೆಂಗಸರು ಮನೆಯಿಂದ ಮಾಯವಾಗಿದ್ದಾರೆ, ಸುತ್ತಿನ ಯಾವ ಠಾಣೆಗೂ ಯಾರೂ ಒಂದು ದೂರು ಕೊಟ್ಟಿಲ್ಲ. ಹೆತ್ತವರಿಲ್ಲವೇ, ಕಟ್ಟಿಕೊಂಡವರಿಲ್ಲವೇ?

ಅವನು ಹಳ್ಳಿ ಹಳ್ಳಿ ತಿರುಗಿ, ನಿಮ್ಮ ಮನೆಯಲ್ಲಿ ಯಾರಾದರೂ ಕಾಣೆಯಾಗಿದ್ದಾರೆಯೇ ಎಂದು ಕೇಳಿದ. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಕೊನೆಗೆ ಒಂದು ಮಧ್ಯಾಹ್ನ, ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬೇರೆ ಥರ ಕೇಳಿದ. "ಈ ಕಡೆ ಯಾರ ಮನೆ ಹೆಣ್ಮಗಳಾದ್ರೂ ಓಡಿಹೋಗಿದ್ದುಂಟೇನ್ರಪ್ಪ?"

ಆಗ ನಾಲಗೆಗಳು ಸಡಿಲವಾದವು. ಅವಳು ಹೋದಳಂತೆ, ಇವಳು ಹೋದಳಂತೆ, ಕಂಡಕ್ಟರ್ ಜೊತೆಯಂತೆ. ಅಂಗಡಿಯವನು ಹೇಳಿದ ಮೊದಲ ಮನೆ ಅದೇ ಬೀದಿಯ ಅಂಕಮ್ಮನದು.

ಅಂಕಮ್ಮ ಜಗಲಿಯಿಂದ ಏಳಲೇ ಇಲ್ಲ. "ಆ ಹೆಸರು ಎತ್ತಬ್ಯಾಡಿ ಸ್ವಾಮಿ. ಹೋದೋಳು ಹೋದಳು. ಮಗನಿಗೆ ಬೇರೆ ಹೆಣ್ಣು ತಂದಿದೀನಿ."

ಅವನು ಕಾಗದದ ಪೊಟ್ಟಣ ಬಿಚ್ಚಿ ಕಾಲುಂಗುರಗಳನ್ನು ಮುಂದಿಟ್ಟ. ಮುದುಕಿ ನೋಡಿದಳು. ಒಂದನ್ನು ಕೈಗೆತ್ತಿಕೊಂಡು ಸೆರಗಿನಿಂದ ತಿಕ್ಕಿದಳು. ಸೊಸೆಗೆ ಸಡಿಲವಾಯಿತೆಂದು ಅಕ್ಕಸಾಲಿಯ ಹತ್ತಿರ ಅದನ್ನು ತಾನೇ ಬಿಗಿ ಮಾಡಿಸಿದ್ದಳು.

"ಹೋಗುವಾಗ ಸೊಸೆ ಏನು ಹೇಳಿ ಹೋದಳಮ್ಮ?"

"ಅವಳೇನೂ ಯೋಳ್ಲಿಲ್ಲ. ಅವನು ಯೋಳ್ದ."

ಅಂದು ಬೆಳಗ್ಗೆ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಕೊಡೆ ಇರುಕಿಕೊಂಡು ಒಬ್ಬ ಬಂದಿದ್ದನಂತೆ. ಕೆಂಕೆರೆಯಿಂದ ಬಂದೆ, ನಂಜುಂಡಪ್ಪನವರಿಗೆ ಎದೆನೋವು, ಮಗಳನ್ನು ನೋಡಬೇಕು ಅಂತಾ ಇದ್ದಾರೆ ಎಂದನಂತೆ. ಸೊಸೆ ಪುಟ್ಟಗಂಗಮ್ಮ ಒಳಗಿನಿಂದ ಇಣುಕಿ, ಹೌದು, ಇವರು ನಮ್ಮೂರಿಗೆ ಬರೋರೇ ಎಂದಳು. ಹಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಸೀರೆ ಬದಲಾಯಿಸಿದಳು.

"ಬರೀ ಕತ್ತಲ್ಲಿ ತವರಿಗೆ ಹೋಗಬ್ಯಾಡ ಕಣೇ ಅಂತ ನನ್ನ ಚಿನ್ನದ ಅಡ್ಡಿಕೆ ಬಿಚ್ಚಿ ನಾನೇ ಅವಳ ಕತ್ತಿಗೆ ಹಾಕ್ದೆ," ಎಂದಳು ಅಂಕಮ್ಮ.

ವಾರ ಬಿಟ್ಟು ಮಗ ಕೆಂಕೆರೆಗೆ ಹೋದರೆ ಮಾವ ಗಟ್ಟಿಮುಟ್ಟಾಗಿ ತೋಟದಲ್ಲಿ ಪಾತಿ ಮಾಡುತ್ತಿದ್ದ. ಯಾರನ್ನೂ ಕಳಿಸಿರಲಿಲ್ಲ. ಎರಡೂ ಮನೆಯವರಿಗೆ ಬೇರೇನೂ ತೋಚಲಿಲ್ಲ. ಆ ಕೊಡೆಯವನೇ ಮಿಂಡ, ಸುಳ್ಳು ನೆಪ ಹೇಳಿ ಅವನ ಹಿಂದೆ ಓಡಿದಳು ಎಂದುಕೊಂಡರು. ನಂಜುಂಡಪ್ಪ ಅಳಿಯನ ಎದುರಿನಲ್ಲೇ ತಲೆಮೇಲೆ ನೀರು ಸುರಿದುಕೊಂಡು, ನನ್ನ ಪಾಲಿಗೆ ಸತ್ತಳು ಎಂದಿದ್ದ.

ಉಳಿದ ಮನೆಗಳಲ್ಲೂ ಇದೇ ಕತೆ. ಒಬ್ಬಳ ತಾಯಿಗೆ ಜ್ವರ, ಇನ್ನೊಬ್ಬಳ ತಮ್ಮ ಮರದಿಂದ ಬಿದ್ದಿದ್ದಾನೆ. ಅದೇ ಬಿಳಿ ಅಂಗಿ, ಅದೇ ಕೊಡೆ.

ಸದಾಶಿವಯ್ಯ ಹಳ್ಳಿಗಳಲ್ಲಿ ತಮಟೆ ಹೊಡೆಸಿ ಸಾರಿಸಿದ. ತವರಲ್ಲಿ ಹುಷಾರಿಲ್ಲವೆಂದು ಯಾರಾದರೂ ಕರೆಯಲು ಬಂದರೆ ಕಳಿಸಬೇಡಿ, ಕೂರಿಸಿಕೊಳ್ಳಿ, ಠಾಣೆಗೆ ಹೇಳಿಕಳಿಸಿ. ಮಳೆಗಾಲ ಕಳೆದು, ಜನ ಅದನ್ನು ಮರೆಯತೊಡಗಿದ್ದ ಹೊತ್ತಿಗೆ ಭೂತಮ್ಮನೆಂಬ ಮುದುಕಿಯ ಮನೆಗೆ ಆ ಕೊಡೆಯವನು ಬಂದ. ಸೊಸೆಯ ತಾಯಿಗೆ ಲಕ್ವ ಹೊಡೆದಿದೆ ಎಂದ.

"ಬಿಸಿಲಲ್ಲಿ ಬಂದಿದೀಯ ಕಣಪ್ಪ, ಉಂಡ್ಕೊಂಡು ಕರ್ಕೊಂಡು ಹೋಗು," ಎಂದು ಭೂತಮ್ಮ ತಟ್ಟೆ ಹಾಕಿದಳು. ಒಂದು ಮುದ್ದೆಯಾಯಿತು, ಒತ್ತಾಯ ಮಾಡಿ ಇನ್ನೊಂದು ಇಕ್ಕಿದಳು. ಸೊಸೆ ಹಿತ್ತಿಲಿನಿಂದ ತೋಟಕ್ಕೆ ಓಡಿ ಗಂಡಸರನ್ನು ಕರೆತಂದಳು. ಸದಾಶಿವಯ್ಯ ಜೀಪಿನಲ್ಲಿ ಬಂದಾಗ ಅವನನ್ನು ಕಂಬಕ್ಕೆ ಕಟ್ಟಿದ್ದರು. ಕೈಯ ಎಂಜಲು ಇನ್ನೂ ಆರಿರಲಿಲ್ಲ.

ಹೆಸರು ಗಂಗಾಧರಯ್ಯ. ಕೊಬ್ಬರಿ ದಲ್ಲಾಳಿ. ಹೆಣ್ಣು ಹೆತ್ತವರ ಜಗಲಿಯಲ್ಲಿ ಕೂತು ಕೊಬ್ಬರಿಗೆ ದರ ಕಟ್ಟುತ್ತ, ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ ಎಂದು ಮಾತಿಗೆ ಮಾತು ಸೇರಿಸಿ ತಿಳಿದುಕೊಳ್ಳುತ್ತಿದ್ದ. ಹಾಗಾಗಿ ಹೆಣ್ಣುಮಕ್ಕಳಿಗೆ ಅವನು ಅಪ್ಪನ ಮನೆಯಲ್ಲಿ ಕಂಡ ಮುಖ. ಒಡವೆಗಾಗಿ ಕೊಂದದ್ದು ಒಟ್ಟು ಐವರನ್ನು ಎಂದು ಒಪ್ಪಿಕೊಂಡ. ಉಳಿದಿಬ್ಬರ ಬಾವಿಯನ್ನೂ ತಾನೇ ತೋರಿಸಿದ. ಹೊಡೆಯುವ ಅಗತ್ಯವೇ ಬೀಳಲಿಲ್ಲ.

"ಮೊದಲನೇದು ಆದ್ಮೇಲೆ ಹೆದರ್ಕೊಂಡು ಮನೆಯಲ್ಲೇ ಕೂತಿದ್ದೆ ಸಾರ್," ಎಂದ. "ಯಾರೂ ಹುಡುಕ್ಕೊಂಡು ಬರಲಿಲ್ವಲ್ಲ."

ಆ ಮಾತು ಕೇಳಿ ಸದಾಶಿವಯ್ಯ ಎದ್ದು ಹೊರಗೆ ಹೋದ. ಕೊಲೆಗಾರ ಸಿಕ್ಕಿದನೆಂದು ಪೇದೆಗಳು ಸಿಹಿ ತರಿಸಿದ್ದರು. ಅವನು ಮುಟ್ಟಲಿಲ್ಲ.

ಮಾರನೆಯ ದಿನ ಕೆಂಕೆರೆಗೆ ಒಬ್ಬನೇ ಹೋದ. ನಂಜುಂಡಪ್ಪ ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಹೆಂಡತಿ ಚಿಕ್ಕಗೌರಮ್ಮ ಬಾಗಿಲಲ್ಲಿ ನಿಂತಿದ್ದಳು. ವಿಷಯ ತಿಳಿಸಿದಾಗ ನಂಜುಂಡಪ್ಪ ಕೈಯಲ್ಲಿದ್ದ ಹುಲ್ಲನ್ನು ಹಾಗೇ ಹಿಡಿದುಕೊಂಡು ನಿಂತ.

"ಅವನು ಏನಂತ ಯೋಳಿ ಕರ್ಕೊಂಡು ಹೋದ್ನಂತೆ?"

ಹೇಳದೆ ವಿಧಿಯಿರಲಿಲ್ಲ. "ನಿಮಗೆ ಹುಷಾರಿಲ್ಲ ಅಂತ."

"ನನಗೆ."

"ಹೂಂ. ನಿಮಗೆ ಎದೆನೋವು ಅಂತ."

"ಅಂಗಾರೆ ನನ್ನ ನೋಡಕ್ಕೆ ಅಂತ ಹೊರಟಿದ್ಲು," ಎಂದ ನಂಜುಂಡಪ್ಪ. ಯಾರಿಗೂ ಹೇಳಿದಂತಿರಲಿಲ್ಲ. "ನನ್ನ ನೋಡಕ್ಕೆ ಬರೋಳನ್ನ ನಾನು ಬಾಯಿಗೆ ಬಂದಂಗೆ ಅಂದ್ನಲ್ಲ."

ಚಿಕ್ಕಗೌರಮ್ಮ ಅಳಲಿಲ್ಲ. ಗಂಡನ ಮುಖವನ್ನೇ ನೋಡಿದಳು. "ನನ್ನ ಮಗಳು ಅಂತೋಳಲ್ಲ ಅಂತ ನಾನು ಯೋಳ್ದಾಗ ನೀವು ಉಣ್ಣೋ ತಟ್ಟೆ ಎಸೆದ್ರಿ," ಎಂದು ಒಳಗೆ ಹೋಗಿ ಕದ ಹಾಕಿಕೊಂಡಳು. ಆಮೇಲೆ ಅವಳ ಗಂಟಲು ಕಿತ್ತು ಬಂದ ಶಬ್ದ ಬೀದಿಗೂ ಕೇಳಿಸಿತು.

ಕೋರ್ಟಿನ ಕೆಲಸ ಮುಗಿಯುವವರೆಗೆ ಮೂಳೆಗಳನ್ನು ಕೊಡುವಂತಿರಲಿಲ್ಲ. ನಂಜುಂಡಪ್ಪ ಬಸ್ಸು ಹತ್ತಿ ಠಾಣೆಗೆ ಬರುವುದು, ಜಗಲಿಯಲ್ಲಿ ಕೂತಿದ್ದು ಹೋಗುವುದು ರೂಢಿಯಾಯಿತು. ಏನೂ ಕೇಳುತ್ತಿರಲಿಲ್ಲ. ಜೀವಾವಧಿ ಶಿಕ್ಷೆಯಾದ ಸುದ್ದಿ ಹೇಳಿದಾಗಲೂ, "ಮಗಳನ್ನ ಯಾವಾಗ ಕೊಡ್ತೀರಿ?" ಎಂದಷ್ಟೇ ಕೇಳಿದ.

ಕೊಟ್ಟ ದಿನ ಸದಾಶಿವಯ್ಯ ಜೀಪಿನಲ್ಲಿ ಬಿಟ್ಟುಬರುತ್ತೇನೆ ಎಂದ. ಮುದುಕ ಒಪ್ಪಲಿಲ್ಲ. "ಅವಳು ಬಸ್ಸಿನಾಗೇ ಬರಬೇಕಿತ್ತು ಸ್ವಾಮಿ," ಎಂದು ಬಿಳಿ ಬಟ್ಟೆಯ ಗಂಟನ್ನು ಎದೆಗೆ ಅವಚಿಕೊಂಡು ಹೊರಟ. ಗಂಟು ಮೇಲಕ್ಕೆ ಹಾಕಿ ಎಂದು ಕಂಡಕ್ಟರ್ ಹೇಳಿದರೂ ತೊಡೆಯ ಮೇಲಿಟ್ಟುಕೊಂಡು ಕೂತ.

ಐವರಲ್ಲಿ ಮೂವರನ್ನು ಮನೆಯವರು ಬಂದು ಕರೆದೊಯ್ದರು. ಇನ್ನಿಬ್ಬರಿಗಾಗಿ ಸದಾಶಿವಯ್ಯ ಎರಡೆರಡು ಸಲ ಅಲೆದ. ಒಂದು ಮನೆಯಲ್ಲಿ, ಆಗಿದ್ದು ಆಗಿಹೋಯ್ತು, ಕಿರಿಯವಳಿಗೆ ಸಂಬಂಧ ನೋಡ್ತಾ ಇದೀವಿ, ಮತ್ತೆ ಕೆದಕಬ್ಯಾಡಿ ಎಂದು ಕೈಮುಗಿದರು. ಇನ್ನೊಂದು ಮನೆಯವರು ಕದವನ್ನೇ ತೆರೆಯಲಿಲ್ಲ. ಕೊನೆಗೆ ಅವನೇ ಇಬ್ಬರು ಪೇದೆಗಳನ್ನು ಕರೆದುಕೊಂಡು ಹೋಗಿ, ಸ್ಮಶಾನದ ಅಂಚಿನಲ್ಲಿ ಅಕ್ಕಪಕ್ಕ ಗುಂಡಿ ತೆಗೆಸಿ ಇಬ್ಬರನ್ನೂ ಮಣ್ಣು ಮಾಡಿಸಿದ. ಮೊದಲ ಹಿಡಿ ಮಣ್ಣು ಹಾಕುವುದು ಹತ್ತಿರದವರು. ಪೇದೆಗಳು ಯಾರು ಹಾಕಬೇಕೆಂದು ತಿಳಿಯದೆ ನಿಂತಿದ್ದರು. ಸದಾಶಿವಯ್ಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಬಗ್ಗಿದ.