ಏರಿಯಲ್ ಕೆಳಗಿನ ಬಣ್ಣ

ಅಮ್ಮನದು ಒಂದೇ ಮಾತು. ಕಾರಿನಲ್ಲಿ ರೇಡಿಯೋ ಕೇಳಿಸಿದರೆ ಡಯಾಲಿಸಿಸ್‌ಗೆ ಬರುತ್ತೇನೆ, ಇಲ್ಲವಾದರೆ ಇಲ್ಲ.

ಆಸ್ಪತ್ರೆಯವರು ಅವಳ ಪಾಳಿಯನ್ನು ಮಧ್ಯಾಹ್ನದಿಂದ ಬೆಳಿಗ್ಗೆ ಹನ್ನೊಂದಕ್ಕೆ ಬದಲಾಯಿಸಿದ್ದರು. ಹತ್ತೂವರೆಯಿಂದ ಹನ್ನೊಂದೂಕಾಲಿನವರೆಗೆ ರೇಡಿಯೋದಲ್ಲಿ ಕೇಳುಗರ ಕಾಗದ ಓದುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅಮ್ಮ ಅದನ್ನು ತಪ್ಪಿಸಿದವಳಲ್ಲ. ಹೋದ ವಾರ ಕಾಗದಕ್ಕಾಗಿ ಒಂದು ಪಾಳಿಯನ್ನೇ ಬಿಟ್ಟಳು. ಎರಡು ದಿನಕ್ಕೆ ಕಾಲು ಬಾತು ಚಪ್ಪಲಿ ಹಿಡಿಸಲಿಲ್ಲ, ಮಲಗಿದರೆ ಉಸಿರು ಕಟ್ಟಿತು. ಇನ್ನೊಂದು ಸಲ ಬಿಟ್ಟರೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಮಗಳ ಮುಖಕ್ಕೇ ಹೇಳಿದರು.

ಅಮ್ಮನ ಅಂಗೈಯಗಲದ ರೇಡಿಯೋ ಕಾರಿನ ತಗಡಿನೊಳಗೆ ಬರೀ ಗೊರಗೊರ ಎಂದಿತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅದೂ ಇಲ್ಲ. ಆ ಸಣ್ಣ ರೇಡಿಯೋ ಸ್ಟೇಷನ್ ಫೋನಿನಲ್ಲಿ ಬರುವಂಥದ್ದಲ್ಲ. ದಾರಿಯಲ್ಲಿ ಅರ್ಧ ಕೇಳಿಸಿದರೂ ಸಾಕು ಎಂದು ಅಮ್ಮ ಒಪ್ಪಿಕೊಂಡಿದ್ದಳು.

ಮಗಳು ಲಿಫ್ಟ್ ರಿಪೇರಿ ಮಾಡುವವಳು, ತಂತಿಯ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸು. ಕಾರು ಅಣ್ಣನದು, ಅವನಿಗಿಂತ ಎಂಟು ವರ್ಷ ದೊಡ್ಡದು. ಅವನು ಬಣ್ಣದ ಕೆಲಸದವನು. ಮೂರು ವರ್ಷ ಭಾನುವಾರಗಳನ್ನೆಲ್ಲ ಸುರಿದು ಅದಕ್ಕೆ ಏಳು ಕೋಟು ಹಸಿರು ಬಣ್ಣ ಹೊಡೆದಿದ್ದ. ಡ್ಯಾಶ್‌ಬೋರ್ಡ್ ಕೊಯ್ಯಬಾರದು ಎಂದು ಮೊದಲೇ ಕರಾರು ಹಾಕಿದ್ದರಿಂದ ಅವಳು ಹೊಸ ರೇಡಿಯೋ ಸೆಟ್ಟನ್ನು ಅದರ ಅಡಿಯಲ್ಲಿ ಪಟ್ಟಿ ಕಟ್ಟಿ ಕೂರಿಸಿದಳು.

ಸೆಟ್ಟು ಜಪ್ಪಯ್ಯ ಎನ್ನಲಿಲ್ಲ. ಎಲ್ಲೋ ದೂರದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಂತೆ ಕೇಳಿಸಿತು, ಅಷ್ಟೇ. ಅಂಗಡಿಗೆ ಹೋಗಿ ಬೇರೆ ಸೆಟ್ಟು ತಂದಳು. ಅದೂ ಹಾಗೆಯೇ. ಏರಿಯಲ್ ಬದಲಾಯಿಸಿದಳು. ಎಂಜಿನ್ ಚಾಲೂ ಆದರೆ ಸಿಳ್ಳೆ ಬರುತ್ತಿತ್ತು. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೆ ಕೆಪಾಸಿಟರ್ ಹಾಕಿದ ಮೇಲೆ ಸಿಳ್ಳೆ ನಿಂತಿತು, ಗಂಟಲು ಮಾತ್ರ ಬಿಚ್ಚಲಿಲ್ಲ.

"ಲಿಫ್ಟೇ ಮಾಡ್ಕೊಂಡಿರಮ್ಮ ನೀನು," ಎಂದ ಅಣ್ಣ. "ಅದು ಮೇಲೆ ಹೋಗತ್ತೆ, ಕೆಳಗೆ ಬರತ್ತೆ. ಇದು ನಿನ್ನ ಕೈಲಾಗಲ್ಲ."

ಪಾಳಿಗೆ ಒಂದೇ ದಿನ ಉಳಿದಿತ್ತು. ಅವಳು ಒಂದು ತುಂಡು ತಂತಿಯ ತುದಿಯನ್ನು ಬ್ಯಾಟರಿಯ ಅರ್ತ್‌ಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಏರಿಯಲ್ಲಿನ ಬುಡಕ್ಕೆ ಮುಟ್ಟಿಸಿದಳು. ಹವಾಮಾನ ವರದಿ ಪಕ್ಕದಲ್ಲೇ ಕೂತು ಓದಿದಂತೆ ಕೇಳಿಸಿತು. ತಂತಿ ತೆಗೆದಳು, ಹೋಯಿತು. ಮುಟ್ಟಿಸಿದಳು, ಬಂತು.

ಮಡ್‌ಗಾರ್ಡಿನ ಕೆಳಗೆ ತಲೆ ತೂರಿಸಿ ನೋಡಿದಳು. ಏರಿಯಲ್ಲಿನ ಬುಡ ತಗಡನ್ನು ಕಚ್ಚಬೇಕಾದ ಜಾಗದಲ್ಲಿ, ಯಾರ ಕಣ್ಣೂ ಬೀಳದ ಆ ಮೂಲೆಯಲ್ಲಿ ಕೂಡ, ಕನ್ನಡಿಯಂಥ ಏಳು ಕೋಟು ಹಸಿರು.

"ಅಣ್ಣಾ, ಇಲ್ಲಿಗೂ ಹೊಡೆದಿದ್ದೀಯಾ?"

"ಮತ್ತೆ? ಮೇಲೊಂದು ಒಳಗೊಂದು ಮಾಡೋನಲ್ಲ ನಾನು."

"ಏರಿಯಲ್ಲು ಬಣ್ಣದ ಮೇಲೆ ಕೂತಿದೆ. ತಗಡು ಮುಟ್ತಾ ಇಲ್ಲ, ಅರ್ತ್ ಸಿಗ್ತಾ ಇಲ್ಲ. ಉಂಗುರದಷ್ಟು ಜಾಗ ಕೆರೀಬೇಕು."

"ಕೆರೆದ್ರೆ ಕೈ ಮುರೀತೀನಿ."

"ಯಾರಿಗೂ ಕಾಣಲ್ಲ ಕಣೋ."

"ನನಗೆ ಗೊತ್ತಿರತ್ತಲ್ಲ!"

ಅವಳು ಮರಳು ಕಾಗದ ಕೈಗೆತ್ತಿಕೊಂಡಳು. ಅಮ್ಮನನ್ನು ಕರೆದಳು. ಅಮ್ಮ ಬಾತ ಕಾಲನ್ನು ಎಳೆಯುತ್ತ ಬಂದು, ಗ್ಯಾರೇಜಿನ ಬಾಗಿಲಿಗೆ ಒರಗಿ ನಿಂತು, ಏದುಸಿರು ಬಿಟ್ಟಳು. ಅಣ್ಣ ಆ ಕಾಲನ್ನು ನೋಡಿದ. ಆಮೇಲೆ ತಂಗಿಯ ಕೈಯಿಂದ ಮರಳು ಕಾಗದ ಕಿತ್ತುಕೊಂಡ.

"ನೀನು ಮುಟ್ಟಬೇಡ. ನಾನೇ ಕೆರೀತೀನಿ."

ಸುತ್ತ ಟೇಪು ಅಂಟಿಸಿ, ಮಗುವಿನ ತಲೆ ಬೋಳಿಸುವವನ ಹಾಗೆ, ಮುಕ್ಕಾಲು ಗಂಟೆ ಕೆರೆದ. ಬೆಳ್ಳಗೆ ತಗಡು ಕಂಡಿತು. ಏರಿಯಲ್ ಬಿಗಿಸಿ ಸೆಟ್ಟು ಹಾಕಿದರೆ ದನಿ ಗಂಟೆ ಹೊಡೆದಷ್ಟು ಸ್ಪಷ್ಟ. ಅಣ್ಣ ಮುಖ ಊದಿಸಿಕೊಂಡು ಕೈ ತೊಳೆಯಲು ಹೋದ.

ಮರುದಿನ ಹತ್ತೂಕಾಲಿಗೆ ಅಮ್ಮ ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಳು. ದಾರಿಯುದ್ದಕ್ಕೂ ಒಂದಕ್ಷರ ತಪ್ಪಲಿಲ್ಲ. ಹತ್ತು ಐವತ್ತೆಂಟಕ್ಕೆ ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಂತಿತು.

"ಇಳಿಯಮ್ಮ."

"ಶ್! ಕಾಗದ ನಡೀತಾ ಇದೆ."

ಯಾರೋ ಒಬ್ಬ ಹನ್ನೊಂದು ವರ್ಷದ ಹಿಂದೆ ಪಕ್ಕದ ಮನೆಯವನಿಂದ ಏಣಿ ತಂದು ಹಿಂದಕ್ಕೆ ಕೊಡದೆ, ಈಗ ಅವನ ಮುಂದೆ ಹೇಗೆ ಹೋಗಿ ನಿಲ್ಲಲಿ ಎಂದು ಬರೆದಿದ್ದ.

"ಅರ್ಧ ಸಾಕು ಅಂದಿದ್ದೆಯಲ್ಲ?" ಎಂದ ಅಣ್ಣ.

"ಅದು ಸರಿಯಾಗಿ ಕೇಳಿಸದೇ ಇದ್ದಾಗ ಅಂದಿದ್ದು. ಈಗ ಕೇಳಿಸ್ತಾ ಇದೆ."

ಒಳಗಿಂದ ನರ್ಸು ಬಂದು ಕಿಟಕಿಗೆ ಬಗ್ಗಿದಳು. "ಇನ್ನೈದು ನಿಮಿಷ ನೋಡ್ತೀನಿ ಅಜ್ಜಿ. ಆಮೇಲೆ ಆ ಮೆಷಿನ್ನು ಬೇರೆಯವರಿಗೆ."

"ಕೊಡಮ್ಮ. ಅವರದ್ದೂ ಜೀವ ತಾನೆ," ಎಂದಳು ಅಮ್ಮ. ಅವಳ ಕಿವಿ ರೇಡಿಯೋದ ಕಡೆಗೇ ಇತ್ತು.

ರೇಡಿಯೋ ಆರಿಸಿದರೆ ಜಗಳ. ಜಗಳವಾದರೆ ಅಮ್ಮ ಮೂರು ದಿನ ಮುನಿಸಿಕೊಂಡು ಮುಂದಿನ ಪಾಳಿಯನ್ನೂ ಬಿಡುವವಳು. ಮುಂದಿನ ಸೀಟಿನಲ್ಲಿದ್ದ ಮಗಳು ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ, ಸೆಟ್ಟಿನ ಹಿಂದೆ ಕೈಹಾಕಿ, ಏರಿಯಲ್ಲಿನ ತಂತಿಯನ್ನು ಎಳೆದಳು. ಏಣಿಯವನ ಮಾತು ನಡುವೆಯೇ ತುಂಡಾಗಿ ಸುಯ್ಯೆಂದಿತು.

"ಥೂ, ಹಾಳಾದ್ದು!" ಎಂದಳು ಅಮ್ಮ. ಸ್ವಲ್ಪ ಕಾದಳು. "ಇವಳ ರಿಪೇರಿ ಇಷ್ಟೇ." ಕಾಲು ಹೊರಗಿಟ್ಟಳು. ನರ್ಸು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಗಾಜಿನ ಬಾಗಿಲು ಮುಚ್ಚುವುದನ್ನೇ ಕಾಯುತ್ತಿದ್ದ ಅಣ್ಣ ಸ್ಟೀರಿಂಗ್ ಗುದ್ದಿದ. "ಸುಮ್ಮಸುಮ್ಮನೆ ನನ್ನ ಬಣ್ಣ ಕೆರೆಸಿದೆ! ಏಳು ಕೋಟು!"

ಅವಳು ಮತ್ತೆ ಬಗ್ಗಿ ತಂತಿ ಸಿಕ್ಕಿಸಿದಳು. ಏಣಿಯವನು ಬಂದ.

ಅಣ್ಣ ಅವಳ ಕೈ ನೋಡಿದ, ಮುಖ ನೋಡಿದ. "ಎಲಾ ಕಳ್ಳಿ."

"ವಾಪಸ್ ಬರುವಾಗ ಕೇಳ್ತಾಳೆ, ಏಣಿ ಕೊಟ್ಟನೋ ಇಲ್ವೋ ಅಂತ."

"ನಮಗೆ ಹೇಗೆ ಗೊತ್ತು ಅಂತ ಹೇಳೋದು?"

"ಅವಳು ಹೊರಗೆ ಬರೋಕೆ ಇನ್ನೂ ನಾಲ್ಕು ಗಂಟೆ ಇದೆ, ಯೋಚನೆ ಮಾಡೋಣ. ಈಗ ಬಾಯ್ಮುಚ್ಕೊಂಡು ಕೇಳು."