ಮೂಳೆ ಅವರದು

ಮಗಳ ನಿಶ್ಚಿತಾರ್ಥದ ಹಿಂದಿನ ದಿನ ನನ್ನ ಹೆಂಡತಿ ಪಿ-ಶಿಯಾ ಮೂರು ವಿಷಯಗಳನ್ನು ನನ್ನ ಬಾಯಿಂದ ಗಡೀಪಾರು ಮಾಡಿದಳು: ಚುನಾವಣೆ, ಮನೆಗಳ ಬೆಲೆ, ಮೊಬೈಲು.

"ಹಾಗಾದ್ರೆ ಹವಾಮಾನ ಒಂದು ಉಳೀತು," ಅಂದೆ.

"ಅದೂ ಬೇಡ. ಹೋದ ಸಲ ಹವಾಮಾನದಿಂದ ಶುರು ಮಾಡಿ ವಿದ್ಯುತ್ ಮಂತ್ರಿ ತನಕ ಹೋಗಿದ್ರಿ. ಬೀಗರು ಏನೇ ಅಂದ್ರೂ 'ಇರಬಹುದು' ಅನ್ನಿ. ಸಾಕು."

ನಿವೃತ್ತನಾಗುವವರೆಗೆ ನಾನು ತೈನಾನ್‌ನಲ್ಲಿ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿದ್ದೆ. ನೀರಿನಲ್ಲಿ ಏನಿದೆಯೋ ಅದನ್ನು ಹೇಳುವುದು ನನ್ನ ಕೆಲಸವಾಗಿತ್ತು. ಅದರಿಂದ ಯಾರಿಗೆ ಬೇಜಾರಾಗುತ್ತದೆ ಎಂದು ನೋಡುವುದು ಬೇರೆಯವರ ಕೆಲಸ. ಆ ಚಾಳಿ ಈಗಲೂ ಹೋಗಿಲ್ಲ. ಟಿವಿಯಲ್ಲಿ ಅದೇ ನಾಲ್ಕು ಜನ ಸೋಮವಾರ ಯುದ್ಧದ ಪರಿಣತರಾಗಿ, ಮಂಗಳವಾರ ಚಂಡಮಾರುತದ ಪರಿಣತರಾಗಿ, ಬುಧವಾರ ಸಕ್ಕರೆ ಕಾಯಿಲೆಯ ಪರಿಣತರಾಗಿ ಮಾತಾಡುವುದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗುವುದಿಲ್ಲ. ನನ್ನ ಕಿರುಚಾಟ ತಡೆಯಲಾರದೆ ಮಗಳು ಯು-ಹಾನ್ ಅಂತರ್ಜಾಲದಲ್ಲಿ ನನಗೊಂದು ಪುಟ ಮಾಡಿಕೊಟ್ಟಳು. "ಇಲ್ಲಿ ಬರಿ ಅಪ್ಪ, ಟಿವಿಗೆ ಕೇಳಿಸಲ್ಲ," ಅಂದಳು. ಬರೆದೆ. ಓದುವವರು ಬೆರಳೆಣಿಕೆ. ಅವರಲ್ಲೂ ಅರ್ಧ ಜನ ನಲ್ಲಿ ನೀರನ್ನು ಕಾಯಿಸಿ ಕುಡಿಯಬೇಕೋ ಬೇಡವೋ ಎಂದು ಕೇಳಲು ಬರುವವರು.

ನಿಶ್ಚಿತಾರ್ಥದ ತಯಾರಿಯಲ್ಲಿ ನನ್ನ ಒಂದೇ ಒಂದು ಅಭಿಪ್ರಾಯ ಗೆದ್ದಿತ್ತು. ಗಂಡಿನ ಕಡೆಯವರು ಹಂದಿಮಾಂಸ ತರುತ್ತಾರೆ. ನಾವು ಮಾಂಸ ಇಟ್ಟುಕೊಂಡು, ಗೊರಸಿನ ಸಮೇತ ಒಂದು ಕಾಲನ್ನು ಕೆಂಪು ಕಾಗದ ಸುತ್ತಿ ಅವರಿಗೇ ಹಿಂದಿರುಗಿಸಬೇಕು. ನಿಮ್ಮ ಮಾಂಸ ತಿಂದೆವು, ಮೂಳೆ ಕಡಿಯುವುದಿಲ್ಲ ಎಂದು ಅದರ ಅರ್ಥ. ಅವರು ಆ ಕಾಲನ್ನು ತೆಗೆದುಕೊಂಡು ಹೋದರೆ ಸಂಬಂಧ ಗಟ್ಟಿ. ಈಗೀಗ ಎಲ್ಲರೂ ಚಂದದ ಪೆಟ್ಟಿಗೆಯಲ್ಲಿ ಮಾಂಸದ ಡಬ್ಬಿಗಳನ್ನಿಟ್ಟು ಕೊಡುತ್ತಾರೆ. ಡಬ್ಬಿಯಲ್ಲಿ ಮೂಳೆ ಎಲ್ಲಿದೆ ಎಂದು ನಾನು ಹಟ ಹಿಡಿದೆ. ಪಿ-ಶಿಯಾ ಸೋತು, ನಿಜವಾದ ಕಾಲನ್ನೇ ಕಟ್ಟಿಸಿದಳು.

ಬೆಳಿಗ್ಗೆ ಬೀಗರು ತಾವ್‌ಯುವಾನ್‌ನಿಂದ ವ್ಯಾನಿನಲ್ಲಿ ಬಂದರು. ಹುಡುಗ ಜಿಂಗ್-ಯಾನ್ ಒಳ್ಳೆಯವನು, ಮಾತು ಕಡಿಮೆ. ಅವನ ತಂದೆ ಫಾಂಗ್ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು. ಮಗನ ಪಾಲಿನ ಮಾತನ್ನೂ ತಾವೇ ಆಡುವವರು. ಚುನಾವಣೆಯಲ್ಲಿ ಅವರು ನೀಲಿ ಪಕ್ಷ, ನಾವು ಅದರ ಎದುರಾಳಿ ಹಸಿರು. ಇದು ಎರಡೂ ಮನೆಯವರಿಗೆ ಗೊತ್ತು, ಯಾರೂ ಎತ್ತಿರಲಿಲ್ಲ.

ಯು-ಹಾನ್ ಎಲ್ಲರಿಗೂ ಸಿಹಿ ಚಹಾ ಕೊಟ್ಟಳು. ಜಿಂಗ್-ಯಾನ್ ಉಂಗುರ ತೊಡಿಸುವಾಗ, ಅದು ಬುಡದವರೆಗೆ ಇಳಿಯದಂತೆ ಬೆರಳು ಮಡಿಸಿ ಹಿಡಿದಳು. ಮದುವೆಯಾದ ಮೇಲೆ ಗಂಡನ ಕೈ ಮೇಲಾಗಬಾರದಲ್ಲ! ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ವಧುದಕ್ಷಿಣೆ. ಗಂಡಿನ ಕಡೆಯವರು ಕೆಂಪು ತಟ್ಟೆಯಲ್ಲಿ ನೋಟಿನ ಕಟ್ಟುಗಳನ್ನಿಟ್ಟು ತೋರಿಸಬೇಕು. ನಾವು ಮರ್ಯಾದೆಗೆ ಸ್ವೀಕರಿಸಿ ಹಿಂದಿರುಗಿಸಬೇಕು. ಫಾಂಗ್ ತಟ್ಟೆಯ ಬದಲು ಮೊಬೈಲ್ ತೆಗೆದರು.

"ಬೀಗರೇ, ಕಳಿಸ್ದೆ ನೋಡಿ. ಬಂತಾ?"

ನನ್ನ ಜೇಬಿನಲ್ಲಿ ಟಿಂಗ್ ಎಂದಿತು.

ಟಿಂಗ್ ಎಂದದ್ದನ್ನು ಎರಡೂ ಕೈಯಲ್ಲಿ ಹಿಡಿದು ತಲೆಬಾಗಿ ಹಿಂದಿರುಗಿಸುವುದು ಹೇಗೆ? ಯು-ಹಾನ್ ನನ್ನ ಜೇಬಿಗೆ ಕೈ ಹಾಕಿ, ಫೋನು ತೆಗೆದು, ಏನೋ ಒತ್ತಿದಳು. ಫಾಂಗರ ಕೈಯಲ್ಲಿ ಟಿಂಗ್ ಎಂದಿತು. ಇಡೀ ಶಾಸ್ತ್ರ ಎರಡು ಟಿಂಗ್‌ಗಳಲ್ಲಿ ಮುಗಿಯಿತು. ದುಡ್ಡು ಕೈಬಿಟ್ಟು ಹೋಗುವಾಗ ಕೊಂಚವಾದರೂ ನೋಯಬೇಕು, ಆಗಲೇ ಮನುಷ್ಯನಿಗೆ ಅದರ ಬೆಲೆ ತಿಳಿಯುವುದು ಎಂದು ಹೇಳಲು ಬಾಯಿ ತೆರೆದೆ. ಪಿ-ಶಿಯಾ ನೋಡಿದಳು.

"ಇರಬಹುದು," ಅಂದೆ.

"ಏನಿರಬಹುದು?" ಅಂದರು ಫಾಂಗ್.

ಊಟಕ್ಕೆ ಕಾಲುವೆ ಪಕ್ಕದ ಹೋಟೆಲಿನ ಮಹಡಿಗೆ ಹೋದೆವು. ನಡುವೆ ನಿಂತು ಸಂಬಂಧ ಕುದುರಿಸಿದ ಹಿರಿಯರಾಗಿ ನನ್ನ ಹೆಂಡತಿಯ ಅಕ್ಕ ಪಿ-ಯುನ್ ಎರಡೂ ಕಡೆಯವರಿಗೂ ಬಡಿಸಿ, ನಗಿಸಿ ದಣಿಯುತ್ತಿದ್ದರು. ತಟ್ಟೆಗಳನ್ನು ತರುತ್ತಿದ್ದದ್ದು ಬೆಕ್ಕಿನ ಮುಖದ ಒಂದು ಯಂತ್ರ. ಕೆಂಪು ಕಾಗದದ ಹಂದಿಕಾಲು ಮೂಲೆಯ ಕುರ್ಚಿಯ ಮೇಲೆ, ಅತಿಥಿಯ ಹಾಗೆ ಕೂತಿತ್ತು.

ಫಾಂಗ್ ಮೊದಲ ಸಾರು ಬರುವ ಮೊದಲೇ ಶುರು ಮಾಡಿದರು.

"ಈಗಿನ ಹುಡುಗರು ಮನೆ ತಗೊಳಕ್ಕಾಗಲ್ಲ ಅಂತ ಅಳ್ತಾರೆ. ದಿನಾ ಬೆಳಿಗ್ಗೆ ಅಂಗಡಿ ಕಾಫಿ ಕುಡಿಯೋದು ಬಿಟ್ರೆ ಆಯ್ತಪ್ಪ. ಅಲ್ವಾ ಬೀಗರೇ?"

ನನ್ನ ತಲೆಯಲ್ಲಿ ಲೆಕ್ಕ ತಾನಾಗಿಯೇ ನಡೆಯಿತು. ನಾನೂರು ವರ್ಷದ ಹಿಂದೆ ಡಚ್ಚರು ಈ ಊರಿಗೆ ಬಂದಂದಿನಿಂದ ಕಾಫಿ ಬಿಟ್ಟಿದ್ದರೂ ತೈಪೆಯಲ್ಲಿ ಅಡುಗೆಮನೆ, ಬಚ್ಚಲಿನವರೆಗೆ ಬರಬಹುದಿತ್ತು. ಮಲಗುವ ಕೋಣೆ ಸಿಗುತ್ತಿರಲಿಲ್ಲ.

"ಇರಬಹುದು," ಅಂದೆ.

"ಈ ಸಲ ಸರ್ಕಾರ ಬದಲಾಗ್ಲೇಬೇಕು. ಏನಂತೀರಿ?"

"ಇರಬಹುದು."

"ಮೀನು ಚೆನ್ನಾಗಿದೆ."

"ಇರಬಹುದು."

ಫಾಂಗ್ ಚಾಪ್‌ಸ್ಟಿಕ್ ಕೆಳಗಿಟ್ಟರು. ಕನ್ನಡಕ ಹಾಕಿಕೊಂಡು ಮೊಬೈಲ್ ತೆಗೆದು, ತೋಳಿನಷ್ಟು ದೂರ ಹಿಡಿದು ಓದಿದರು: "'ಯುದ್ಧ ಮಾಡದ ಸೈನಿಕರ ಪಿಂಚಣಿ.' ಬರೆದದ್ದು ತ್ಸಾಯ್ ಮಿಂಗ್-ತಾಂಗ್. ನೀವೇ ತಾನೇ?"

ಮೇಜಿನ ಕೆಳಗೆ ನನ್ನ ಪಾದದ ಮೇಲೆ ಪಿ-ಶಿಯಾಳ ಹಿಮ್ಮಡಿ ಇಳಿಯಿತು.

"ಅದು... ಸಾಮಾನ್ಯವಾಗಿ ಬರೆದದ್ದು."

"ಸಾಮಾನ್ಯವಾಗಿ ಅಂದ್ರೆ ಯಾರ್ರೀ? ನಾನೇ! ಹುಡುಗ ಈ ಪುಟ ತೋರಿಸ್ದಾಗಿನಿಂದ ಒಂದು ಬಿಡದೆ ಓದಿದೀನಿ, ಪರೀಕ್ಷೆಗೆ ಓದಿದ ಹಾಗೆ. ದಾರಿ ಉದ್ದಕ್ಕೂ ಉತ್ತರ ಕಟ್ಕೊಂಡು ಬಂದೆ. ಇಲ್ಲಿ ಬಂದ್ರೆ 'ಇರಬಹುದು', 'ಇರಬಹುದು'. ಲೋಕಕ್ಕೆಲ್ಲಾ ಬೈಯೋಕೆ ಬಾಯಿದೆ, ನನ್ನ ಹತ್ರ ಮಾತಾಡೋಕಿಲ್ಲ. ನಾನೇನು ಅಷ್ಟಕ್ಕೂ ಲಾಯಕ್ಕಿಲ್ವಾ?"

"ಅಯ್ಯೋ, ಅವರಿಗೆ ಗಂಟಲು ನೋವು," ಅಂದರು ಪಿ-ಯುನ್ ಅತ್ತಿಗೆ.

"ಗಂಟಲು ಸರಿಯಾಗೇ ಇದೆ," ಅಂದೆ. ಅಷ್ಟೇ. ಅಣೆಕಟ್ಟಿನ ಬಾಗಿಲು ತೆರೆದಂತಾಯಿತು.

ಪಿಂಚಣಿಗೆ ಇಟ್ಟ ಹಣ ಬತ್ತುತ್ತಿದೆ ಎಂದೆ. ಹಳಬರಿಗೆ ಕೊಟ್ಟ ಮಾತನ್ನು ಉಳಿಸಲು ನನ್ನ ಮಗಳೂ ನಿಮ್ಮ ಮಗನೂ ತಾವು ಮುದುಕರಾಗುವವರೆಗೆ ತೆರುತ್ತಾರೆ, ಅವರ ಸರದಿ ಬಂದಾಗ ತಟ್ಟೆ ಖಾಲಿ ಎಂದೆ. ಕಾಫಿಯ ಲೆಕ್ಕವನ್ನು ಡಚ್ಚರ ಸಮೇತ ಹೇಳಿದೆ. ಎರಡು ಟಿಂಗ್‌ಗಳ ಬಗ್ಗೆಯೂ ಹೇಳಿದೆ. ಫಾಂಗ್ ಎದ್ದು ನಿಂತರು; ನಾನೂ ನಿಂತೆ.

"ಯುದ್ಧ ಮಾಡದ ಸೈನಿಕರಂತೆ! ವಿಮಾನದ ಹೊಟ್ಟೆ ಕೆಳಗೆ ಅಂಗಾತ ಮಲಗಿ ಬೋಲ್ಟು ಬಿಗೀತಾ ಸೊಂಟ ಹೋಗಿದೆ ನಂದು. ಯುದ್ಧ ಆಗ್ಲಿಲ್ಲ ಅಂದ್ರೆ ಬೋಲ್ಟು ಸರಿಯಾಗಿ ಬಿಗಿದಿದ್ವಿ ಅಂತ ಅರ್ಥ! ನಿಮ್ಮ ನೀರು ಕುಡಿದು ಯಾರೂ ಸಾಯ್ಲಿಲ್ಲ ಅಂತ ನಿಮ್ಮ ಸಂಬಳ ವಾಪಸ್ ಕೇಳಿದ್ರಾ ಯಾರಾದ್ರೂ?"

ಉತ್ತರ ಕೊಡಲು ಹೊರಟಾಗ ಬೆಕ್ಕಿನ ಮುಖದ ಯಂತ್ರ ನಮ್ಮಿಬ್ಬರ ನಡುವೆ ಬಂದು ನಿಂತಿತು. "ದಯವಿಟ್ಟು ದಾರಿ ಬಿಡಿ, ಮಿಯಾಂವ್," ಅಂದಿತು. ಇಬ್ಬರೂ ಬಿಟ್ಟೆವು. ಅದು ಹೋದ ಮೇಲೆ ಮತ್ತೆ ಹತ್ತಿರ ಬಂದೆವು.

"ಅಪ್ಪ," ಅಂದಳು ಯು-ಹಾನ್. ಅವಳು ಕೂಗಲಿಲ್ಲ. "ಹೋಗಿ ಮುಖ ತೊಳ್ಕೊಂಡು ಬಾ."

ಹೋದೆ. ತಣ್ಣೀರು ಹಾಕಿಕೊಂಡೆ. ನೀರಿನ ಪ್ರಶ್ನೆಗೆ ಉತ್ತರ ಅಲ್ಲಿ ಹೊಳೆಯಿತು: ನೀರಿನ ಶುದ್ಧತೆಯನ್ನು ಅಳೆಯಬಹುದು, ನಡೆಯದ ಯುದ್ಧವನ್ನು ಅಳೆಯಲಾಗದು. ಒಳ್ಳೆಯ ಉತ್ತರ. ಅದನ್ನು ಹಿಡಿದುಕೊಂಡು ಹಿಂತಿರುಗಿದರೆ ಮೇಜಿನ ಆ ಬದಿ ಖಾಲಿ. ಎಳೆದುಬಿಟ್ಟ ಕುರ್ಚಿಗಳು, ಅರ್ಧ ತಿಂದ ಮೀನು. ಕೊನೆಯ ಸಿಹಿ ಇನ್ನೂ ಬಂದಿರಲಿಲ್ಲ.

"ಯಾವಾಗ ಹೋದ್ರು?"

"ನೀವು ಆ ಕಡೆ ಹೋದ ತಕ್ಷಣ ಎದ್ರು," ಅಂದಳು ಪಿ-ಶಿಯಾ. "ಒಂದು ಮಾತಿಲ್ಲ."

ನಿಶ್ಚಿತಾರ್ಥದ ಊಟದಲ್ಲಿ ಗಂಡಿನ ಕಡೆಯವರು ಕೊನೆಯ ಸಿಹಿಗೆ ಮೊದಲು, 'ಹೋಗಿ ಬರ್ತೀವಿ' ಅನ್ನದೆ, ತಿರುಗಿ ನೋಡದೆ ಎದ್ದು ಹೋಗಬೇಕು. ಹೋಗಿ ಬಂದರೆ ಈ ಶಾಸ್ತ್ರ ಇನ್ನೊಂದು ಸಲ ಆಗಬೇಕಾದೀತು ಎಂಬ ಭಯ. ನಾವು ಬೀಳ್ಕೊಡಲೂ ಬಾರದು. ಇಲ್ಲಿಯವರಿಗೆ ಇದು ತಾಯಿಯ ಹೊಟ್ಟೆಯಲ್ಲೇ ಗೊತ್ತು. ಆದರೆ ಫಾಂಗರ ಹಿರಿಯರು ಸೈನ್ಯದ ಜೊತೆ ಸಮುದ್ರ ದಾಟಿ ಬಂದವರು. ಅವರ ಮನೆಯಲ್ಲಿ ಈ ಪದ್ಧತಿ ಇಲ್ಲ.

"ಅತ್ತಿಗೆ, ನೀವು ಅವರಿಗೆ ಹೇಳಿದ್ರಿ ತಾನೇ?"

"ನಾನಾ?" ಅಂದರು ಅತ್ತಿಗೆ. "ನೀವು ಹೇಳಿರ್ತೀರಿ ಅಂದ್ಕೊಂಡೆ! ಲೋಕದಲ್ಲಿ ನೀವು ಹೇಳದೆ ಬಿಟ್ಟಿದ್ದು ಏನಿದೆ?"

ಯು-ಹಾನ್ ಜಿಂಗ್-ಯಾನ್‌ಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಬೆರಳಲ್ಲಿ ಅರ್ಧಕ್ಕೇ ನಿಂತಿದ್ದ ಉಂಗುರವನ್ನು ತಿರುಗಿಸುತ್ತ ಕೂತಳು.

"ಅಪ್ಪ, ಅವರು ಹೋಗಿದ್ದು ಯಾವ ಥರ?"

ಪದ್ಧತಿಯಂತೆ ಹೋಗಿದ್ದರೆ ನಾನು ಹಿಂದೆ ಓಡುವುದು ಅಪಶಕುನ. ಸಿಟ್ಟಾಗಿ ಹೋಗಿದ್ದರೆ ಓಡದಿರುವುದೇ ಅಪರಾಧ. ಕಣ್ಣಿಗೆ ಕಾಣುವುದು ಒಂದೇ ಖಾಲಿ ಮೇಜು. ಅದಕ್ಕೆ ಎರಡು ಕಾರಣಗಳೂ ಸರಿಯಾಗಿ ಹೊಂದುತ್ತಿದ್ದವು. ಇಂಥ ಹೊತ್ತಿನಲ್ಲಿ ಎರಡನ್ನೂ ಬೇರ್ಪಡಿಸುವ ಒಂದು ಪರೀಕ್ಷೆ ಹುಡುಕಬೇಕು. ಮೂಲೆಯ ಕುರ್ಚಿಯ ಕಡೆ ತಿರುಗಿದೆ.

ಕೆಂಪು ಕಾಗದದ ಕಾಲು ಅಲ್ಲೇ ಇತ್ತು.

ಯು-ಹಾನ್ ಕೂಡ ನೋಡಿದಳು. ಉಂಗುರ ತಿರುಗಿಸುವುದನ್ನು ನಿಲ್ಲಿಸಿದಳು.

ಕಾಲನ್ನು ಎರಡೂ ಕೈಯಿಂದ ಎದೆಗಪ್ಪಿಕೊಂಡು ಅಡುಗೆಮನೆಯ ಮೂಲಕ ಹಿಂದಿನ ಮೆಟ್ಟಿಲಿಳಿದೆ. ಮುಂಬಾಗಿಲಿಂದ ಹೋದರೆ ಬೀಳ್ಕೊಟ್ಟ ಹಾಗಾಗುತ್ತದೆ. ಆ ಅವಸರದಲ್ಲೂ ಅಷ್ಟು ಬುದ್ಧಿ ಉಳಿದಿತ್ತು. ಪಾತ್ರೆ ತೊಳೆಯುವವಳು "ಅಜ್ಜ, ಅದು ನಮ್ಮದಾ?" ಎಂದು ಕೂಗಿದಳು.

ವ್ಯಾನು ಕಾಲುವೆಯ ಬದಿಯಲ್ಲಿ ಇನ್ನೂ ನಿಂತಿತ್ತು, ಎಂಜಿನ್ ಓಡುತ್ತಿತ್ತು. ಫಾಂಗ್ ಬಾಗಿಲ ಬಳಿ ನಿಂತು ಸಿಗರೇಟಿನ ಕೊನೆಯ ದಂ ಎಳೆಯುತ್ತಿದ್ದರು. ನನ್ನನ್ನು ಕಂಡವರೇ ಸರಕ್ಕನೆ ಬೆನ್ನು ತಿರುಗಿಸಿದರು.

ನಾನು ನಿಂತುಬಿಟ್ಟೆ. ಆ ಬೆನ್ನನ್ನು ನೋಡಿ ಏನು ತಿಳಿಯಬೇಕು? ಸಿಟ್ಟಿನ ಬೆನ್ನೂ ಹಾಗೆಯೇ ಇರುತ್ತದೆ, ಶಾಸ್ತ್ರದ ಬೆನ್ನೂ ಹಾಗೆಯೇ. ಕ್ಷಮೆ ಕೇಳೋಣ ಎಂದುಕೊಂಡೆ. ಆದರೆ ಪಿಂಚಣಿಯ ಬಗ್ಗೆ ನಾನು ಹೇಳಿದ್ದು ತಪ್ಪಲ್ಲವಲ್ಲ. ಹೇಳಿದ ಜಾಗ ತಪ್ಪು. ಇಷ್ಟನ್ನು ಒಂದು ಬೆನ್ನಿಗೆ ಬಿಡಿಸಿ ಹೇಳುವುದು ಹೇಗೆ?

"ಮೂಳೆ," ಅಂದೆ. "ಮೂಳೆ ಬಿಟ್ಟು ಬಂದಿದೀರಿ."

ಬೆನ್ನು ಅಲ್ಲಾಡಲಿಲ್ಲ. ಒಂದು ಕೈ ಮಾತ್ರ ಹಿಂದಕ್ಕೆ ಬಂತು, ಅಂಗೈ ಮೇಲಾಗಿ. ಗೊರಸನ್ನು ಅದರೊಳಗಿಟ್ಟೆ. ಬೋಲ್ಟು ಬಿಗಿದ ಬೆರಳುಗಳು ಬಿಗಿಯಾಗಿ ಮುಚ್ಚಿಕೊಂಡವು.

"ತಿರುಗಿ ನೋಡ್ಬಾರ್ದು, ಮಾತಾಡ್ದೆ ಬರ್ಬೇಕು, ಫೋನೂ ಎತ್ಬಾರ್ದು ಅಂತ ಹುಡುಗ ಬಾಯಿಪಾಠ ಮಾಡ್ಸಿದ್ದ," ಅಂದರು ಫಾಂಗ್, ಕಾಲುವೆಯ ನೀರಿಗೆ ಹೇಳುವವರಂತೆ. "ಈ ಕಾಲಿನ ವಿಷಯ ಹೇಳಿರ್ಲಿಲ್ಲ. ದಡ್ಡ."

ನಾನೂ ಬೆನ್ನು ತಿರುಗಿಸಿ ನಿಂತೆ. ಹಿಂದೆ ವ್ಯಾನಿನ ಬಾಗಿಲು ಎಳೆದ ಸದ್ದು. ಕಿಟಕಿಯಿಂದ ಅದೇ ದನಿ:

"ಆದ್ರೆ ಪಿಂಚಣಿ ವಿಷಯ ನೀವು ಬರ್ದಿದ್ದು ಪೂರಾ ತಪ್ಪು. ಮನೆಗೆ ಹೋಗಿ ಅದರ ಕೆಳಗೇ ಬರೀತೀನಿ."

ತಿರುಗುವಂತಿಲ್ಲ. ಹೊರಟ ಗಾಡಿಗೆ ಕೂಗಿ ಏನೇ ಹೇಳಿದರೂ ಅದು ಬೀಳ್ಕೊಡುಗೆಯೇ. ಅಳತೆಯ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಕಾಫಿಯ ಲೆಕ್ಕದಲ್ಲಿ ಬಡ್ಡಿ ಸೇರಿಸುವುದೂ ಬಾಕಿಯಿತ್ತು. ವ್ಯಾನಿನ ಸದ್ದು ಸೇತುವೆಯಾಚೆ ಕರಗುವವರೆಗೆ ಎಲ್ಲವನ್ನೂ ಬಾಯಲ್ಲಿಟ್ಟುಕೊಂಡು, ಹೋಟೆಲಿನ ಹಿಂಗೋಡೆ ನೋಡುತ್ತ ನಿಂತೆ. ಅಂಗಿಯ ಎದೆಯ ಮೇಲೆಲ್ಲ ಕಾಗದದ ಕೆಂಪು ಬಣ್ಣ ಹತ್ತಿತ್ತು.

ಮೇಲೆ ಬಂದಾಗ ಮೂವರು ಹೆಂಗಸರೂ ನನ್ನ ಕೈಗಳನ್ನೇ ನೋಡಿದರು. ಕೈ ಖಾಲಿ.

"ತಗೊಂಡ್ರು," ಅಂದೆ.

ಯು-ಹಾನ್ ಮೇಜಿನ ಮೇಲೆ ತಲೆಯಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಬೆಕ್ಕಿನ ಮುಖದ ಯಂತ್ರ ಎಲ್ಲರಿಗೂ ಆಗುವಷ್ಟು ಸಿಹಿ ತಂದು ನಿಲ್ಲಿಸಿತು.

"ಏನಂದ್ರು?" ಅಂದಳು ಪಿ-ಶಿಯಾ.

"ನಾನು ಪೂರಾ ತಪ್ಪಂತೆ."

"ನೀವೇನಂದ್ರಿ?"

"ಏನೂ ಅನ್ನೋ ಹಾಗಿರ್ಲಿಲ್ಲ."

ಪಿ-ಶಿಯಾ ಉಸಿರುಬಿಟ್ಟು, ಒಂದು ಬಟ್ಟಲು ಸಿಹಿಯನ್ನು ನನ್ನ ಮುಂದೆ ತಳ್ಳಿದಳು. "ಸರಿ, ಶಾಸ್ತ್ರ ಮುಗೀತು. ಇನ್ನು ಏನು ಬೇಕಾದ್ರೂ ಮಾತಾಡಿ."

"ಯಾರ ಹತ್ರ?" ಅಂದೆ.