ಬಾಣಂತಿಯ ಬ್ರಷ್ಷು

ಬಿಳಿಚೋಡಿನ ಶಿವಗಂಗಮ್ಮನ ಮನೆಯಲ್ಲಿ ಬಾಣಂತಿಯಾದವಳು ಮೂರು ತಿಂಗಳು ಹಲ್ಲುಜ್ಜುವಂತಿರಲಿಲ್ಲ. ಹೆತ್ತವಳ ಹಲ್ಲಿನ ಬೇರು ಸಡಿಲವಾಗಿರುತ್ತದೆ, ಬಾಯಿಗೆ ತಣ್ಣೀರು ಸೋಕಿದರೆ ಕೂಸಿಗೆ ಶೀತ ಎಂಬುದು ಹಿಂದಿನಿಂದ ಬಂದ ಮಾತು. ಉಂಡ ಮೇಲೆ ಎಲೆ, ಅಡಿಕೆ, ಚೂರು ಹೊಗೆಸೊಪ್ಪು. ಅಲ್ಲಿಗೆ ಬಾಯಿ ಶುದ್ಧವಾಯಿತು.

ಹಿರಿಸೊಸೆ ಹುಲಿಗೆಮ್ಮ ಮೂರು ಬಾಣಂತನವನ್ನೂ ಹಾಗೇ ಕಳೆದವಳು. ಒಸಡು ಊದಿ, ಕೀವು ತುಂಬಿ, ಕೊನೆಗೆ ಮುಂದಿನ ಎರಡು ಹಲ್ಲು ರೊಟ್ಟಿ ಕಚ್ಚುವಾಗ ಕಳಚಿ ಬಿದ್ದವು. ಈಗಿನ್ನೂ ಮೂವತ್ನಾಲ್ಕು. ನಗು ಬಂದರೆ ಕೈ ತಾನಾಗಿ ಸೆರಗನ್ನು ಬಾಯಿಗೆ ತರುತ್ತಿತ್ತು.

ಕಿರಿಸೊಸೆ ಮೇಘಶ್ರೀ ಎರಡನೆಯ ಹೆರಿಗೆಗೆ ತವರಿಗೆ ಹೋಗದೆ ಇಲ್ಲೇ ಉಳಿದಳು. ಅವಳ ಹಲ್ಲೋ, ಎಳೆ ಮೆಕ್ಕೆಜೋಳದ ಕಾಳು ಕೂತ ಹಾಗೆ. ಅವಳು ನಕ್ಕಾಗಲೆಲ್ಲ ಹುಲಿಗೆಮ್ಮನ ಹೊಟ್ಟೆ ಉರಿಯುತ್ತಿತ್ತು. ಒಂದೇ ಮನೆ, ಒಂದೇ ರೊಟ್ಟಿ. ಇವಳಿಗೆ ಮಾತ್ರ ಯಾಕೆ ಇಂಥ ಬಾಯಿ?

ಹೆರಿಗೆಯಾದ ಐದನೆಯ ದಿನ ಮೇಘಶ್ರೀ ಬಚ್ಚಲಲ್ಲಿ ಕದ್ದು ಹಲ್ಲುಜ್ಜುತ್ತಿದ್ದುದನ್ನು ಅತ್ತೆಗೆ ಹೇಳಿದವಳು ಹುಲಿಗೆಮ್ಮನೇ. ಬ್ರಷ್ಷನ್ನು ಒಲೆಗೆ ಹಾಕಿದವಳೂ ಅವಳೇ.

ತಿಂಗಳು ತುಂಬುವಷ್ಟರಲ್ಲಿ ಮೇಘಶ್ರೀ ಉಗುಳಿದರೆ ರಕ್ತ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗತೊಡಗಿದಳು. ಹುಲಿಗೆಮ್ಮನಿಗೆ ಮೊದಮೊದಲು ಹೊಟ್ಟೆ ತಣ್ಣಗಾಯಿತು. ಆದರೆ ಒಂದು ಬೆಳಿಗ್ಗೆ, ಕೂಸನ್ನು ನಗಿಸುತ್ತಿದ್ದ ಮೇಘಶ್ರೀ ಇವಳನ್ನು ಕಂಡಿದ್ದೇ ಸೆರಗನ್ನು ಬಾಯಿಗೆ ತಂದಳು. ಹುಲಿಗೆಮ್ಮ ನಿಂತಲ್ಲೇ ನಿಂತಳು. ಅದು ತನ್ನದೇ ಕೈ, ತನ್ನದೇ ಸೆರಗು.

ಅಂದೇ ಕೂಸಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆ ಪ್ರಮೀಳಾ ಮೇಘಶ್ರೀಯ ಬಾಯಿ ನೋಡಿದಳು.

"ಸಂದಿಯಾಗೆ ಕೊಳೆ ಕೂತು ಒಸಡು ಕೆಟ್ಟೈತ್ರಿ ಅಮ್ಮ. ಮೆತ್ತನೆ ಬ್ರಷ್ಷಲ್ಲಿ ದಿನಾ ಎರಡು ಸಲ ಉಜ್ಜಲಿ, ಬೆಚ್ಚನೆ ಉಪ್ಪುನೀರು ಮುಕ್ಕಳಿಸಲಿ. ಹೊಗೆಸೊಪ್ಪು ಬಿಡಿಸ್ರಿ. ಹಲ್ಲಿನ ಡಾಕ್ಟರ್‌ಗೂ ತೋರಿಸ್ರಿ."

"ಉಜ್ಜಿದ್ರೆ ಇರೋವೂ ಉದುರ್ತಾವೆ. ಆರು ಹೆತ್ತೋಳಿಗೆ ಹೇಳಾಕೆ ಬಂದ್ಯಾ?" ಎಂದಳು ಶಿವಗಂಗಮ್ಮ.

"ನಿಮಗೆ ಎಷ್ಟು ಉಳಿದಾವ್ರಿ?"

"ನಂಗ್ಯಾಕೆ ಹಲ್ಲು, ಕುಟ್ಟಾಣಿ ಐತಲ್ಲ," ಎಂದು ಶಿವಗಂಗಮ್ಮ ಎಲೆಯಡಿಕೆ ಕುಟ್ಟತೊಡಗಿದಳು. "ಬೇಕಾದ್ರೆ ಹುಲಿಗೆಮ್ಮನ್ನ ಕೇಳು. ಮೂರು ಬಾಣಂತನ ನಾನೇ ಮಾಡೀನಿ. ಒಂದಿನ ಬಾಯಿ ತೆಗ್ದೋಳಲ್ಲ."

ಹುಲಿಗೆಮ್ಮ ಬಾಯಿಗೆ ಹಿಡಿದಿದ್ದ ಸೆರಗು ಇಳಿಸಿದಳು. ಅತ್ತೆಯ ಮುಂದೆ ಕೂತು ಬಾಯಿ ಅಗಲ ತೆರೆದಳು.

"ನೋಡ್ರಿ ಅತ್ತೆ. ನೀವು ಮಾಡಿದ ಬಾಣಂತನ ಇದು." ಆಮೇಲೆ ಮೇಘಶ್ರೀಯ ಕಡೆ ತಿರುಗಿದಳು. "ನಿನ್ನ ನಗು ನೋಡಾಕೆ ಆಗ್ದೆ ಬ್ರಷ್ಷು ಸುಟ್ಟೆ ಕಣವ್ವ. ಹೊಟ್ಟೆಕಿಚ್ಚು. ಇನ್ನು ಈ ಮನ್ಯಾಗೆ ಯಾವ ಬಾಣಂತಿ ಬಾಯಿನೂ ಕೆಡಾಕೆ ನಾನು ಬಿಡಲ್ಲ."

ಅಂಗಡಿಯಿಂದ ಎರಡು ಬ್ರಷ್ಷು ತಂದಳು.

"ಇನ್ನೊಂದು ಯಾರಿಗಕ್ಕ?" ಎಂದಳು ಮೇಘಶ್ರೀ.

"ನಂಗೆ. ಉಳಿದಿರೋವು ಇನ್ನೂ ನನ್ನವೇ ಅಲ್ವಾ."

ಬಚ್ಚಲಲ್ಲಿ ಬಿಸಿನೀರು ಹದವಾಗಿತ್ತು. ಪಡಸಾಲೆಯಲ್ಲಿ ಕುಟ್ಟಾಣಿಯ ಸದ್ದು ನಿಂತಿತ್ತು.